ಹಗೇವು ಮತ್ತು ಹಸಿರು ಗೆರೆ

ಜೀಪಿನಿಂದ ಇಳಿದ ಹೆಣ್ಣುಮಗಳು ಕೇಳಿದ್ದು ಒಂದೇ ಮಾತು. “ಈ ಊರಾಗ ತುಂಬಿದ ಹಗೇವು ಯಾರ ಮನಿ ಮುಂದ ಐತ್ರಿ?”

ಕುಬಿಹಾಳದ ಊರಬಾಗಿಲ ಅಗಸಿಕಟ್ಟೆಯ ಮೇಲೆ ಆಗ ಅರ್ಧ ಊರು ಕುಳಿತಿತ್ತು. ಅವರಲ್ಲಿ ಯಾರು ಬೇಕಾದರೂ ಉತ್ತರ ಕೊಡಬಹುದಿತ್ತು. ಆದರೆ ಊರಿಗೆ ಹೊಸಬರು ಬಂದರೆ ಮೊದಲು ಬಾಯಿ ತೆರೆಯುವ ಹಕ್ಕು ತನ್ನದು ಎಂದು ಶಂಭುಲಿಂಗಪ್ಪ ಬುದ್ಧಿ ಬಂದಾಗಿನಿಂದ ನಂಬಿದ್ದ.

“ನಮ್ಮ ಮನಿ ಮುಂದ ಐತ್ರಿ! ಬಾಯಿಮಟ ತುಂಬೇತ್ರಿ!” ಎಂದುಬಿಟ್ಟ.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಯಾಕೆಂದರೆ ತನ್ನ ಹಗೇವಿನಲ್ಲಿ ಒಂದು ಕಾಳೂ ಇಲ್ಲವೆಂಬುದು ಅವನೊಬ್ಬನಿಗೆ ಚೆನ್ನಾಗಿ ಗೊತ್ತಿತ್ತು. ಅವನೊಬ್ಬನಿಗೆ, ಮತ್ತು ಅವನ ಜೊತೆ ಅದನ್ನು ಖಾಲಿ ಮಾಡಿದ ಮನೆಯಾಳು ಗುಡದಪ್ಪನಿಗೆ.

ಹಗೇವು ಎಂದರೆ ನೆಲದೊಳಗಿನ ಜೋಳದ ಕಣಜ. ಒಳಗೆ ದೊಡ್ಡ ಹೊಟ್ಟೆ, ಮೇಲೆ ಒಬ್ಬ ಆಳು ಇಳಿಯುವಷ್ಟು ಬಾಯಿ. ತುಂಬಿದ ಮೇಲೆ ಬಾಯಿಗೆ ಹುಲ್ಲು ತುರುಕಿ, ಹಾಸುಗಲ್ಲು ಮುಚ್ಚಿ, ಮಣ್ಣು ಹಾಕಿ ತುಳಿದುಬಿಟ್ಟರೆ ವರ್ಷಗಟ್ಟಲೆ ಹುಳದ ಕಾಟವಿಲ್ಲ. ಆದರೆ ಒಮ್ಮೆ ತೆರೆದರೆ ಮುಗಿಯಿತು. ಗಾಳಿ ಹೊಕ್ಕ ಜೋಳ ಒಳಗೆ ಬಾಳುವುದಿಲ್ಲ, ಅಷ್ಟನ್ನೂ ಹೊರಗೆ ತೆಗೆಯಲೇಬೇಕು. ಹೀಗಾಗಿ ಇದೆಯೋ ಇಲ್ಲವೋ ನೋಡೋಣವೆಂದು ಹಗೇವು ತೆರೆಯುವ ಹುಚ್ಚರು ಈ ಸೀಮೆಯಲ್ಲಿ ಇಲ್ಲ. ಮನೆಯವರು ತುಂಬಿದೆ ಎಂದರೆ ತುಂಬಿದೆ. ಈ ನಂಬಿಕೆಯ ನೆರಳಿನಲ್ಲಿ ಶಂಭುಲಿಂಗಪ್ಪ ಕಳೆದ ನಾಗರ ಪಂಚಮಿಯಿಂದ ಈಚೆಗೆ ಆರಾಮಾಗಿದ್ದ.

ಜೋಳ ಹೋದದ್ದಾದರೂ ಎಲ್ಲಿಗೆ? ನಾಟಕ ಕಂಪನಿಯ ಹೊಟ್ಟೆಗೆ. ಅಣ್ಣಿಗೇರಿಯಲ್ಲಿ ಟೆಂಟು ಹೊಡೆದಿದ್ದ ಕಂಪನಿಯೊಂದರ ಮಾಲಕ ಇವನ ಮೀಸೆ ನೋಡಿ, “ಏನ್ ರಾಜಕಳಾ ಐತ್ರಿ ನಿಮಗ!” ಅಂದಿದ್ದೇ ತಡ, ಶಂಭುಲಿಂಗಪ್ಪ ಕರಗಿ ನೀರಾದ. ಮಳೆಗಾಲ ಕಳೆಯುವ ತನಕ ಕಲಾವಿದರಿಗೆಲ್ಲ ರೊಟ್ಟಿಯ ಜೋಳ ಇವನದು, ಬದಲಿಗೆ ಕಂಪನಿಯಲ್ಲಿ ಅರ್ಧ ಪಾಲು ಮತ್ತು ರಾಜನ ಪಾರ್ಟು ಎಂದು ಮಾತಾಯಿತು. ಹೆಂಡತಿ ಕಸ್ತೂರೆವ್ವ ಪಂಚಮಿಗೆಂದು ತವರುಮನೆ ದುಮ್ಮವಾಡಕ್ಕೆ ಹೋಗಿದ್ದಳು. ಬಾಜೂ ಮನೆಯ ಶಂಕ್ರಪ್ಪ ಮೊಮ್ಮಗನ ತೊಟ್ಟಿಲ ಶಾಸ್ತ್ರಕ್ಕೆಂದು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಮಿಶ್ರಿಕೋಟಿಗೆ ಹೋಗಿದ್ದ. ನಾಗರ ಅಮಾವಾಸ್ಯೆಯ ಕಗ್ಗತ್ತಲು, ಮಳೆಯೂ ಬಿಡುವು ಕೊಟ್ಟಿತ್ತು. ಗುಡದಪ್ಪನನ್ನು ಕರೆದುಕೊಂಡು ಹಗೇವು ಬರಿದು ಮಾಡಿ, ಮತ್ತೆ ಮುಚ್ಚಿ, ಮಣ್ಣು ತುಳಿದು, ಬೆಳಕು ಹರಿಯುವ ಮೊದಲೇ ಬಂಡಿ ಅಣ್ಣಿಗೇರಿಗೆ ಹೊಡೆದ. ಅಗೆದ ಗುರುತನ್ನು ಮರುದಿನದ ಮಳೆ ಅಳಿಸಿಹಾಕಿತು.

ರಾಜನ ಪಾರ್ಟು ಸಿಕ್ಕಿತು, ಮಾತಿಲ್ಲದ ರಾಜ. ಸಿಂಹಾಸನದ ಮೇಲೆ ಸುಮ್ಮನೆ ಕೂರಬೇಕು, ಸೇನಾಪತಿ ಬಂದು ಇರಿದರೆ ಸಾಯಬೇಕು. ಎರಡು ಸಲ ಸತ್ತ. ಮೂರನೆಯ ಸಲ ಸಾಯಲು ಹೋದಾಗ ಟೆಂಟೂ ಇಲ್ಲ, ಕಂಪನಿಯೂ ಇಲ್ಲ, ಗೂಟ ಕಿತ್ತ ಕುಳಿಗಳಷ್ಟೇ ಇದ್ದವು.

ಆ ಗಡಿಬಿಡಿಯಲ್ಲಿ ಸೊಂಟದ ಎಲೆ-ಅಡಿಕೆಯ ಚಂಚಿಯೂ ಎಲ್ಲೋ ಬಿದ್ದುಹೋಗಿತ್ತು. ಕಸ್ತೂರೆವ್ವ ತಾನೇ ಕಸೂತಿ ಹಾಕಿ ಹೊಲಿದ ಚಂಚಿ ಅದು. ಎಳೆ ಎಣಿಸುವಾಗ ತಪ್ಪಿ ಅದರ ಮೇಲಿನ ಆನೆಗೆ ಐದು ಕಾಲು ಬಂದಿದ್ದವು. ಓಣಿಯ ಹೆಂಗಸರೆಲ್ಲ ನಕ್ಕರೂ ಬಿಚ್ಚದೆ ಗಂಡನಿಗೆ ಕೊಟ್ಟಿದ್ದಳು. “ಕುಂದಗೋಳ ಸಂತ್ಯಾಗ ಕಳದ್ ಹೋತು” ಎಂದು ಶಂಭುಲಿಂಗಪ್ಪ ಹೇಳಿದಾಗ ಅವಳು ಎರಡು ದಿನ ಮಾತು ಬಿಟ್ಟಿದ್ದಳು. ಚಂಚಿಗೇ ಎರಡು ದಿನವಾದರೆ ಹಗೇವಿಗೆ ಎಷ್ಟು ಎಂದು ಲೆಕ್ಕ ಹಾಕುವ ಧೈರ್ಯ ಅವನಿಗೆ ಆಗಿರಲಿಲ್ಲ.

ಈಗ ನೋಡಿದರೆ ಬರುವ ತಿಂಗಳು ಮಗಳು ನೀಲಕ್ಕನ ಮದುವೆ. ಆ ಹಗೇವು ತೆಗೆಸಿ ಬೀಗರಿಗೆ, ಊರಿಗೆ ರೊಟ್ಟಿ ಬಡಿಸುತ್ತೇನೆ ಎಂದು ಕಸ್ತೂರೆವ್ವ ಕಂಡಕಂಡವರಿಗೆ ಹೇಳಿಕೊಂಡು ಬಂದಿದ್ದಳು. ಅಷ್ಟರೊಳಗೆ ಏನಾದರೊಂದು ಸುಳ್ಳು ಹೊಳೆದೀತು ಎಂದು ಶಂಭುಲಿಂಗಪ್ಪ ಕಾಯುತ್ತಿದ್ದ. ಸುಳ್ಳಿಗಿಂತ ಮೊದಲು ಜೀಪು ಬಂದಿತು.

ಬಂದವರು ಧಾರವಾಡದ ಕಾಲೇಜೊಂದರ ಜೈನಬಿ ಮೇಡಂ. ನೆಲದೊಳಗಿನ ವಿದ್ಯೆ ಕಲಿಸುವವರು. ಹಿಂದೆ ಡ್ರೈವರ್ ಯಲ್ಲಪ್ಪ, ಅವನ ಹೆಗಲ ಮೇಲೆ ಕಲ್ಲು ಒಡೆಯುವಂಥ ದೊಡ್ಡ ಸುತ್ತಿಗೆ. ಜೀಪಿನ ಹಿಂಭಾಗದಲ್ಲಿ ಗಾಜಿನ ಕಣ್ಣಿನ ಒಂದು ಪೆಟ್ಟಿಗೆ, ಅದನ್ನು ಹಸುಗೂಸಿನ ಹಾಗೆ ಕಂಬಳಿಯಲ್ಲಿ ಸುತ್ತಿಟ್ಟಿದ್ದರು.

“ನಿಮ್ಮ ಊರ ಕೆಳಗ ಹಳೇ ಮೆಟ್ಟಲಬಾವಿ ಮುಚ್ಚಿಹೋಗೇತಿ ಅಂತ ಶಾಸನದಾಗ ಐತ್ರಿ,” ಎಂದರು ಮೇಡಂ. “ಅದನ್ನ ಅಗೀಲಾರದ ಹುಡಕಬೇಕು. ಮೊದಲ ಈ ಮಷೀನಿಗೆ ಗೊತ್ತಿದ್ದದ್ದು ತೋರಸಬೇಕ್ರಿ. ಖಾಲಿ ಹಗೇವು ಹ್ಯಾಂಗ ಕಾಣತೈತಿ, ತುಂಬಿದ್ದು ಹ್ಯಾಂಗ ಕಾಣತೈತಿ ಅಂತ ನೋಡಿಕೊಂಡು, ಆಮ್ಯಾಲ ಗೊತ್ತಿರಲಾರದ್ದನ್ನ ಕೇಳೂಣು.”

“ಅಗೀಲಾರದ ಒಳಗಿಂದು ಹ್ಯಾಂಗ ಗೊತ್ತಾಗತೈತ್ರಿ ಬಾಯಾರ?” ಶಂಕ್ರಪ್ಪ ಕೇಳಿದ. ಊರ ಉಸಾಬರಿಯೆಲ್ಲ ತನ್ನದೇ ಎಂದು ತಿಳಿದವನು, ಶಂಭುಲಿಂಗಪ್ಪನಿಗಿಂತ ನಾಲ್ಕು ವರ್ಷ ದೊಡ್ಡವನು.

“ಸಂತ್ಯಾಗ ಗಡಿಗಿ ತಗೊಳ್ಳುವಾಗ ಬೆರಳಿಲೆ ಬಡದು ನೋಡತೀರಲ್ರಿ ಕಾಕಾ, ಒಡದು ನೋಡತೀರೇನು? ಇದೂ ಹಂಗ. ಬಡಿಯೂದು, ಕೇಳೂದು, ಇಷ್ಟ. ನಮ್ಮ ಕಿವಿಗೆ ಕೇಳಲಾರದ್ದು ಇದಕ್ಕ ಕೇಳತೈತಿ.”

ಮೊದಲು ಗುಡಿಯ ಮುಂದಿನ ಹಾಳು ಹಗೇವು. ಅದು ಖಾಲಿ ಎಂದು ಊರಿಗೆಲ್ಲ ಗೊತ್ತು. ಮೇಡಂ ಅದರ ಸುತ್ತ, ಕೆಳಗೆ ಮೊಳೆಯಿದ್ದ ಲೋಟದಂಥ ಡಬ್ಬಿಗಳನ್ನು ನೆಲಕ್ಕೆ ಚುಚ್ಚಿದರು. ಡಬ್ಬಿಗಳಿಂದ ತಂತಿ ಪೆಟ್ಟಿಗೆಗೆ ಹೋಯಿತು. ಯಲ್ಲಪ್ಪ ನೆಲದ ಮೇಲೆ ಕಬ್ಬಿಣದ ತಟ್ಟೆ ಇಟ್ಟು ಸುತ್ತಿಗೆಯಿಂದ ಧಡ್ ಎಂದು ಬಡಿದ. ಪೆಟ್ಟಿಗೆಯ ಗಾಜಿನಲ್ಲಿ ಹಸಿರು ಗೆರೆಯೊಂದು ಹೆಡೆ ಎತ್ತಿ ಕುಣಿಯತೊಡಗಿತು. ಎಷ್ಟು ಹೊತ್ತಾದರೂ ನಿಲ್ಲಲೊಲ್ಲದು. ಜನ ಹೌಹಾರಿ ಹಿಂದೆ ಸರಿದರು.

“ಟೊಳ್ಳಿದ್ರ ಹಿಂಗ ಕುಣೀತೈತ್ರಿ. ತುಂಬಿದ್ರ ಒಂದ ಸಲ ಎದ್ದು ಮಲಗಿಬಿಡತೈತಿ,” ಎಂದರು ಮೇಡಂ. “ನಡೀರಿ, ಈಗ ತುಂಬಿದ ಹಗೇವು ತೋರಸ್ರಿ.”

ಇಡೀ ಊರು ಶಂಭುಲಿಂಗಪ್ಪನ ಮನೆಯತ್ತ ಹೊರಟಿತು. ಗುಡದಪ್ಪ ಗುಂಪಿನಲ್ಲಿ ನುಗ್ಗಿ ಬಂದು ಅವನ ತೋಳು ಹಿಡಿದ. “ಧಣ್ಯಾರ, ಅದು ಖಾಲಿ...”

ಶಂಭುಲಿಂಗಪ್ಪ ಅವನ ಕಾಲಿನ ಮೇಲೆ ತನ್ನ ಕೆರವಿನ ಕಾಲಿಟ್ಟು ಒತ್ತಿದ. ಗುಡದಪ್ಪ “ಯವ್ವಾ” ಎಂದು ಕುಂಟುತ್ತ ಹಿಂದೆ ಉಳಿದ.

ಶಂಭುಲಿಂಗಪ್ಪನದೂ ಶಂಕ್ರಪ್ಪನದೂ ಒಂದಕ್ಕೊಂದು ತಾಗಿದ ಮನೆಗಳು. ಮುಂದೆ ಗೋಡೆಯಿಲ್ಲದ ಒಂದೇ ಅಂಗಳ, ಅದರಲ್ಲಿ ಅವರವರ ಹೊಸ್ತಿಲ ನೇರಕ್ಕೆ ಎರಡು ಹಗೇವು. ಹಗಲಿನಲ್ಲಿ ಯಾವುದು ಯಾರದೆಂದು ಹಸುಗೂಸೂ ಹೇಳುವಂತಿತ್ತು. ಸಾಲದ್ದಕ್ಕೆ ಶಂಭುಲಿಂಗಪ್ಪನ ಹಗೇವಿನ ಮೇಲೆ ಗುರುತಿಗೆಂದು ಅಪ್ಪನ ಕಾಲದ ಒಡೆದ ಬೀಸುಕಲ್ಲೊಂದಿತ್ತು. ಆ ಅಮಾವಾಸ್ಯೆಯ ರಾತ್ರಿ ಕಂದೀಲಿನ ಬೆಳಕು ಹೊರಗೆ ಕಾಣಬಾರದೆಂದು ಅವನು ಕತ್ತಲಲ್ಲಿ ಆ ಕಲ್ಲನ್ನೇ ಕಾಲಿನಿಂದ ತಡವಿ ಹುಡುಕಿ, ಅದನ್ನು ಸರಿಸಿ ಕೆಳಗೆ ಅಗೆಸಿದ್ದ. ಅಂಗಳದ ಉಳಿದ ಜಾಗದಲ್ಲೆಲ್ಲ ಈಗ ಕೆಂಪು ಮೆಣಸಿನಕಾಯಿ ಒಣಗಲು ಹಾಕಿದ್ದರು.

“ಬಾಯಾರ, ಹಗೇವಿನ ಮ್ಯಾಲ ಹಂಗ ಬಡದ್ರ ಬಿರಕ ಬಿಡತೈತ್ರಿ,” ಎಂದು ಶಂಭುಲಿಂಗಪ್ಪ ತಡೆದ.

“ಏನ್ ಬಿರಕ್ ಬಿಡತೈತೋ ತಮ್ಮಾ?” ಎಂದ ಶಂಕ್ರಪ್ಪ. “ದಿನಾ ಅದರ ಮ್ಯಾಲ ದನ ಹಾದುಹೊಕ್ಕಾವು. ಬಡೀರಿ ಬಾಯಾರ, ನಾ ಹೇಳತೀನಿ.”

ಹಗೇವು ಇವನದು, ಅಪ್ಪಣೆ ಅವನದು! ಶಂಭುಲಿಂಗಪ್ಪನಿಗೆ ಮೈ ಉರಿಯಿತು. ಆದರೆ ಅಷ್ಟರಲ್ಲಿ ಕಸ್ತೂರೆವ್ವ ಹೊಸ್ತಿಲಿಗೆ ಬಂದು, “ಬಡೀಲಿ ಬಿಡ್ರಿ. ಬೀಗರ ಕಿವಿಗೂ ಒಂದ್ ಮಾತು ಹೋಗತೈತಿ,” ಎಂದು ಸೆರಗು ಸರಿಪಡಿಸಿಕೊಂಡು ನಿಂತಳು. ಇನ್ನು ಬ್ಯಾಡವೆಂದರೆ ಅವಳಿಗೇ ಸಂಶಯ ಬಂದೀತು.

ಚಹಾ ಕುಡಿದೇ ಹೊರಡಬೇಕೆಂದು ಹಟ ಹಿಡಿದ. ಚುರಮುರಿ ಸೂಸಲ ಮಾಡಿಸಿದ, ಮಿರ್ಚಿ ಕರಿಸಿದ. ತಿನ್ನುತ್ತ ತಿನ್ನುತ್ತ ಹೊತ್ತು ಮುಳುಗಿದರೆ ಬದುಕಿದೆ ಎಂದುಕೊಂಡಿದ್ದ. ಮೇಡಂ ನಿಂತಲ್ಲೇ ತಿಂದು, ಕೈ ತೊಳೆದು, ಡಬ್ಬಿ ಚುಚ್ಚಲು ಕುಳಿತೇಬಿಟ್ಟರು.

“ಈಗ ಯಾರೂ ಅಳ್ಳಾಡಬ್ಯಾಡ್ರಿ,” ಎಂದು ಕೈ ಎತ್ತಿದರು. “ಒಂದ ಹೆಜ್ಜಿ ಇಟ್ಟರೂ ಈ ಮಷೀನಿಗೆ ಕೇಳತೈತಿ. ಗೆರಿ ಕೆಟ್ಟುಹೊಕ್ಕೈತಿ.”

ಆಹಾ, ದಾರಿ ತಾನಾಗಿಯೇ ಸಿಕ್ಕಿತು! ಶಂಭುಲಿಂಗಪ್ಪ ಮೆಲ್ಲಗೆ ದನದ ಕೊಟ್ಟಿಗೆಗೆ ಜಾರಿದ. ಯಲ್ಲಪ್ಪ ಸುತ್ತಿಗೆ ಎತ್ತುವುದಕ್ಕೂ ಇವನ ಜೋಡೆತ್ತು ಕಣ್ಣಿ ಕಳಚಿಕೊಂಡು ಅಂಗಳಕ್ಕೆ ನುಗ್ಗುವುದಕ್ಕೂ ಸರಿಹೋಯಿತು. ಹೆಂಗಸರು ಚೀರಿದರು, ಗಂಡಸರು ಓಡಿದರು, ಎತ್ತುಗಳು ಮೆಣಸಿನಕಾಯಿ ತುಳಿದುಕೊಂಡು ಬಣವೆಯ ಕಡೆಗೆ ಹೋದವು. ಗಾಜಿನಲ್ಲಿ ಗೆರೆ ಗೀಚಾಪಾಚಾ ಆಯಿತು.

“ಅಯ್ಯೋ, ಕೆಟ್ಟುಹೋತಲ್ರಿ ಬಾಯಾರ!” ಎಂದು ಶಂಭುಲಿಂಗಪ್ಪ ಬಲು ದುಃಖದಿಂದ ಹೇಳಿದ.

“ಏನೂ ಕೆಟ್ಟಿಲ್ರಿ ಕಾಕಾ. ಅದಕ್ಕ ಭಾಳ ಏಟು ಹೊಡಿಯೂದು. ಮಷೀನು ಎಲ್ಲಾ ಏಟು ಕೂಡಸ್ಕೊಂತ ಹೊಕ್ಕೈತಿ. ಗದ್ಲ ಒಂದೊಂದ ಸಲ ಒಂದೊಂದ ನಮೂನಿ ಇರತೈತಿ, ಅದು ತಾನ ಅಳದುಹೊಕ್ಕೈತಿ. ನೆಲದ ಮಾತು ಯಾವತ್ತೂ ಒಂದ. ಅದಷ್ಟ ಉಳೀತೈತಿ.”

ಇಂಥ ಹಟದ ಮಷೀನನ್ನು ಶಂಭುಲಿಂಗಪ್ಪ ಜನ್ಮದಲ್ಲಿ ಕಂಡಿರಲಿಲ್ಲ. ಕೊನೆಯ ಪ್ರಯತ್ನವೆಂದು ಅಡುಗೆಮನೆಗೆ ಹೊಕ್ಕು, ಉರಿಯುವ ಒಲೆಗೆ ಒಂದು ಬೊಗಸೆ ಒಣಮೆಣಸಿನಕಾಯಿ ಸುರಿದು ಬಂದ. ಘಾಟು ಅಂಗಳಕ್ಕೆ ಇಳಿಯಿತು. ಇಡೀ ಊರು ಕೆಮ್ಮಿತು, ಸೀನಿತು. ಎಲ್ಲರಿಗಿಂತ ಹೆಚ್ಚು ಕೆಮ್ಮಿದವನು ಶಂಭುಲಿಂಗಪ್ಪನೇ. ಕಣ್ಣಿಂದ ನೀರು, ಮೂಗಿಂದ ನೀರು, ನಿಲ್ಲಲಾಗದೆ ಕಟ್ಟೆ ಹಿಡಿದು ಕುಳಿತ.

ಮೇಡಂ ಸೆರಗಿನಿಂದ ಮೂಗು ಕಟ್ಟಿಕೊಂಡು, “ಯಲ್ಲಪ್ಪಾ, ಇನ್ನೊಂದಿಷ್ಟು ಹೊಡಿ,” ಎಂದರು.

ಧಡ್. ಧಡ್. ಧಡ್. ಪ್ರತಿಯೊಂದು ಏಟೂ ತನ್ನ ನೆತ್ತಿಯ ಮೇಲೆ ಬಿದ್ದ ಹಾಗಾಯಿತು ಅವನಿಗೆ. ಕೊನೆಗೆ ಸದ್ದು ನಿಂತಿತು. ಶಂಭುಲಿಂಗಪ್ಪ ಕಣ್ಣು ಮುಚ್ಚಿದ. ನೀಲಕ್ಕನ ಮದುವೆ, ಬೀಗರ ಮುಖ, ಕಸ್ತೂರೆವ್ವನ ಮುಖ ಒಂದೊಂದಾಗಿ ಕಣ್ಣೆದುರಿಗೆ ಬಂದವು. ಕಸ್ತೂರೆವ್ವನ ಮುಖ ಹೋಗಲೇ ಇಲ್ಲ.

“ತುಂಬೇತ್ರಿ,” ಎಂದರು ಮೇಡಂ. “ಅಗದಿ ಗಟ್ಟಿ ತುಂಬೇತಿ. ನೋಡ್ರಿ, ಗೆರಿ ಒಂದ ಸಲ ಎದ್ದು ಮಲಕೊಂಡುಬಿಟ್ಟತು.”

ಶಂಭುಲಿಂಗಪ್ಪ ಕಣ್ಣು ತೆರೆದ. ಬಾಯಿಯೂ ತೆರೆಯಿತು. ಗುಂಪಿನ ಆಚೆ ಗುಡದಪ್ಪನ ಬಾಯಿಯೂ ತೆರೆದೇ ಇತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ತಾವೇ ಬುಟ್ಟಿ ಬುಟ್ಟಿ ಎತ್ತಿ, ಕೊನೆಗೆ ತಳ ಗುಡಿಸಿ ಬಿಟ್ಟ ಹಗೇವು!

ಗುಡದಪ್ಪ ಕುಂಟುತ್ತ ಬಂದು ಕಿವಿಯಲ್ಲಿ ಕೇಳಿದ. “ಧಣ್ಯಾರ, ಜ್ವಾಳ ಒಳಗ ಮತ್ತ ಹುಟ್ಟೇತೇನ್ರಿ?”

“ಸುಮ್ಕಿರ್ ಲೇ. ಮಷೀನಿಗೆ ಕಣ್ಣಿಲ್ಲ,” ಎಂದು ಶಂಭುಲಿಂಗಪ್ಪ ಪಿಸುಗುಟ್ಟಿದ.

ಹೇಳಿದ ಮೇಲೆ ಅವನಿಗೂ ಅದು ಖರೆ ಅನ್ನಿಸಿತು. ಹೌದಲ್ಲ, ಖಾಲಿಯನ್ನು ತುಂಬಿದ್ದು ಅನ್ನುವ ಮಷೀನು ಕುರುಡಲ್ಲದೆ ಮತ್ತೇನು? ಗಾಬರಿ ಇಳಿಯಿತು, ಮೀಸೆ ಏರಿತು. ಕಸ್ತೂರೆವ್ವ ಬಾಗಿಲಲ್ಲಿ ನಿಂತು ಗಂಡನನ್ನು ಮದುವೆಯಾದ ಹೊಸದರಲ್ಲಿ ನೋಡಿದ ಹಾಗೆ ನೋಡುತ್ತಿದ್ದಳು. ಅವನು ಗಂಟಲು ಸರಿಮಾಡಿಕೊಂಡು, “ಏನ್ ಮಷೀನ್ರಿ ಬಾಯಾರ! ಊರಿಗೊಂದು ಇರಬೇಕ್ರಿ ಇಂಥಾದ್ದು!” ಎಂದು ನಾಲ್ಕು ಮಂದಿಗೆ ಕೇಳುವಂತೆ ಹೊಗಳಿದ. ಅಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

“ನಂದೂ ಒಂದ್ ನೋಡೇಬಿಡ್ರಿ,” ಎಂದು ಶಂಕ್ರಪ್ಪ ಮುಂದೆ ಬಂದ. ತಮ್ಮನಂಥವನಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ಅವನಿಗೆ ತಡೆಯಲಾಗಿರಲಿಲ್ಲ. “ನಂದು ಅವನದ್ಕಿಂತ ದೊಡ್ಡದೈತ್ರಿ. ಎರಡ್ ವರ್ಷದ ಜ್ವಾಳ ಐತಿ.”

ಡಬ್ಬಿಗಳು ಆಚೆಗೆ ಹೋದವು. ಯಲ್ಲಪ್ಪ ಬಡಿದ. ಹಸಿರು ಗೆರೆ ಎದ್ದಿತು, ಕುಣಿಯಿತು, ಕುಣಿಯುತ್ತಲೇ ಇತ್ತು. ಮೇಡಂ ಹುಬ್ಬು ಗಂಟಿಕ್ಕಿದರು. ತಂತಿ ಬಿಚ್ಚಿ ಕಟ್ಟಿದರು, ಡಬ್ಬಿ ಕಿತ್ತು ಬೇರೆ ಕಡೆ ಚುಚ್ಚಿದರು. ಮತ್ತೆ ಬಡಿಸಿದರು. ಮತ್ತೆ ಅದೇ ಕುಣಿತ. ಗುಡಿಯ ಮುಂದೆ ಆ ಕುಣಿತ ಕಂಡಿದ್ದ ಊರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಕಾಕಾ,” ಎಂದರು ಮೇಡಂ ಮೆಲ್ಲಗೆ, “ಇದು ಟೊಳ್ಳ ಐತ್ರಿ.”

ಶಂಕ್ರಪ್ಪ ನಿಂತಲ್ಲೇ ಕುಸಿದು ಕುಳಿತ. ಅವನ ಹೆಂಡತಿ ಅನ್ನವ್ವ ಎದೆಗೆ ಬಡಿದುಕೊಂಡಳು. “ನಮ್ಮ ವರ್ಷದ ಕೂಳು ಯಾರ್ ತಿಂದ್ರೋ ಯಪ್ಪಾ! ಅವರ ಹೊಟ್ಟ್ಯಾಗ ಹುಳಾ ಬೀಳಲೋ!”

ಶಂಭುಲಿಂಗಪ್ಪನಿಗೆ ನಿಜವಾಗಿಯೂ ಕನಿಕರ ಉಕ್ಕಿತು. ಪಾಪ, ಕುರುಡು ಮಷೀನಿನ ಮಾತು ಕೇಳಿ ಇಷ್ಟು ಸಂಕಟ! ತನ್ನ ಖಾಲಿ ಹಗೇವನ್ನು ತುಂಬಿದ್ದು ಅಂದ ಮೇಲೆ, ಟೊಳ್ಳು ಎಂದ ಶಂಕ್ರಪ್ಪನದು ತುಂಬಿರಲೇಬೇಕು. ಇದು ಲೋಕದಲ್ಲಿ ಅವನಿಗೊಬ್ಬನಿಗೇ ಗೊತ್ತಿದ್ದ ಸತ್ಯ. ಗೊತ್ತಿದ್ದೂ ಸುಮ್ಮನೆ ನಿಂತರೆ ಅವನು ಶಂಭುಲಿಂಗಪ್ಪನೇ ಅಲ್ಲ. ರಾಜನ ಪಾರ್ಟಿನ ಠೀವಿ ಮೈಮೇಲೆ ಬಂದಿತು, ಈ ಸಲ ಮಾತೂ ಇತ್ತು.

“ಏಳೋ ಶಂಕ್ರಣ್ಣ! ಅಳಬ್ಯಾಡ! ಈ ಮಷೀನು ಸುಳ್ಳು ಹೇಳತೈತಿ!” ಎಂದು ಕೂಗಿದ.

“ಈಗಷ್ಟ ಹೊಗಳಿದ್ಯಲ್ಲೋ?” ಯಾರೋ ಕೇಳಿದರು.

“ಅದು ಆವಾಗ. ನಿನ್ನ ಹಗೇವು ತುಂಬೇತಿ ಶಂಕ್ರಣ್ಣ. ತಗಿಸಿ ನೋಡು. ಅದರಾಗ ಜ್ವಾಳ ಇರಲಿಲ್ಲಂದ್ರ, ಬಸವಣ್ಣನ ಆಣಿ, ಈಗಿಂದೀಗ ನನ್ನ ಹಗೇವು ತಗಿಸಿ ಇದ್ದಷ್ಟೂ ಜ್ವಾಳ ನಿನಗ ಕೊಡತೀನಿ!”

ಅಂಗಳ ಬೆಚ್ಚಿಬಿದ್ದಿತು. ಇಂಥ ಮಾತನ್ನು ಆ ಊರಿನಲ್ಲಿ ಯಾರೂ ಆಡಿದ್ದಿಲ್ಲ. ಕಸ್ತೂರೆವ್ವ ಹೊಸ್ತಿಲು ಬಿಟ್ಟು ಓಡಿ ಬಂದಳು. “ಏನ್ರಿ, ನೀಲಕ್ಕನ ಮದಿವಿ ಜ್ವಾಳ ಅದು! ಎಚ್ಚರಿದ್ದು ಮಾತಾಡಾಕ ಹತ್ತೀರೇನ್ರಿ?”

“ಸುಮ್ನಿರು. ನನಗ ಗೊತ್ತೈತಿ,” ಎಂದು ಶಂಭುಲಿಂಗಪ್ಪ ಕೈ ಎತ್ತಿದ. ಅವನದು ಎರಡು ಕಡೆಯಿಂದಲೂ ಭದ್ರವಾದ ಆಣೆ. ಶಂಕ್ರಪ್ಪನ ಹಗೇವು ಬರಿದಾಗಿರುವುದಿಲ್ಲ, ಬರಿದಾಗಿದ್ದರೂ ತನ್ನದರಲ್ಲಿ ಕೊಡಲು ಏನೂ ಇಲ್ಲ.

ಶಂಕ್ರಪ್ಪ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರಿತ್ತು. “ತಮ್ಮಾ, ನಿನ್ನ ಬಗ್ಗೆ ಏನೇನೋ ಮಾತಾಡಿದ್ನೆಪ್ಪಾ. ಬಾಜೂಕ ದೇವರ ಇದ್ದಾನಂತ ಗೊತ್ತ ಇರಲಿಲ್ಲ.”

“ಮಷೀನು ತಪ್ಪಿದ್ರ ನನಗೂ ತಿಳೀಬೇಕ್ರಿ,” ಎಂದರು ಮೇಡಂ. ಅವರ ಮುಖವೂ ಬಾಡಿತ್ತು. “ತಗೀರಿ, ನೋಡೂಣು.”

ಗುಡದಪ್ಪ ಗುದ್ದಲಿ ಹಿಡಿದ. ಜನ ಶಂಕ್ರಪ್ಪನ ಹಗೇವಿನ ಸುತ್ತ ಗುಂಪುಗಟ್ಟಿದರು. ಅಳುತ್ತಿದ್ದ ಅನ್ನವ್ವನಿಗೆ ಕೂರಲು ಏನಾದರೂ ಬೇಕಿತ್ತು. ಅವಳು ಶಂಭುಲಿಂಗಪ್ಪನ ಹಗೇವಿನ ಕಡೆ ಹೋಗಿ, ಆ ಒಡೆದ ಬೀಸುಕಲ್ಲನ್ನು ಕಾಲಿನಿಂದ ಉರುಳಿಸಿಕೊಂಡು ಈಚೆಗೆ ತಂದು, ತಮ್ಮ ಹಗೇವಿನ ಅಂಚಿಗೆ ಹಾಕಿ ಅದರ ಮೇಲೆ ಕುಳಿತಳು. ದಿನವೂ ಮಾಡುವ ಕೆಲಸದಂತೆ ಅಷ್ಟು ಸಲೀಸಾಗಿ ಉರುಳಿಸಿದಳು.

ಶಂಭುಲಿಂಗಪ್ಪ ಕಲ್ಲಿನ ಕಡೆ ಬೆರಳು ತೋರಿಸಿದ. “ಅನ್ನಕ್ಕಾ, ಅದು... ಅದು ನಮ್ಮ ಹಗೇವಿನ ಗುರ್ತಿನ ಕಲ್ಲಲ್ಲೇನು?”

“ಎಂಥಾ ಗುರ್ತೋ ತಮ್ಮಾ,” ಅನ್ನವ್ವ ಮೂಗು ಒರೆಸಿಕೊಂಡಳು. “ಇದು ನಾ ಕುಂದ್ರೂ ಕಲ್ಲು. ಕಾಳು ಹಸನ ಮಾಡುವಾಗ ಈ ಕಡಿ ತರತೀನಿ, ನೆನಪಾದ್ರ ತಿರಗಿ ಇಡತೀನಿ. ನಾಗರ ಅಮಾಸಿ ಮುಂದ ಮಿಶ್ರಿಕೋಟಿಗೆ ಹೋಗೂ ಗಡಿಬಿಡ್ಯಾಗ ಇಲ್ಲೇ ನಮ್ಮ ಹಗೇವಿನ ಮ್ಯಾಲ ಬಿಟ್ಟು ಹೋಗಿದ್ನಿ. ಊರಿಂದ ಬಂದ ಮ್ಯಾಲ ನಿಮ್ಮ ಕಡಿ ಹೊರಳಿಸಿ ಇಟ್ನಿ.”

ಶಂಭುಲಿಂಗಪ್ಪನಿಗೆ ಆ ಅಮಾವಾಸ್ಯೆಯ ರಾತ್ರಿ ಕಣ್ಣ ಮುಂದೆ ಬಂದಿತು. ಕತ್ತಲು, ಕಾಲಿಗೆ ತಗುಲಿದ ಕಲ್ಲು, ಬುಟ್ಟಿ ಬುಟ್ಟಿ ಜೋಳ. ಅಷ್ಟೂ ಶಂಕ್ರಪ್ಪನದು. ತಾನು ಎರಡು ಸಲ ಸತ್ತದ್ದು ಶಂಕ್ರಪ್ಪನ ಜೋಳದ ಮೇಲೆ. ತನ್ನ ಜೋಳ ತನ್ನ ಹೊಸ್ತಿಲ ಮುಂದೆಯೇ ಕಾಳು ಕದಲದೆ ಮಲಗಿತ್ತು, ಈಗ ಗಳಿಗೆಯ ಹಿಂದಷ್ಟೇ ಅದನ್ನು ಬಸವಣ್ಣನ ಆಣೆ ಇಟ್ಟು ಕೊಟ್ಟುಬಿಟ್ಟಿದ್ದ! ಕುರುಡಾದದ್ದು ಮಷೀನಲ್ಲ.

“ಬ್ಯಾಡ್ರಿ!” ಎಂದು ಚೀರಿದ. “ತಗೀಬ್ಯಾಡ್ರಿ! ಮಷೀನು ಖರೇನ ಹೇಳತೈತಿ! ಬಾಯಾರ ಮಷೀನು ಯಾವತ್ತಿಗೂ ಸುಳ್ಳು ಹೇಳಂಗಿಲ್ಲ!”

“ಯಾಕೋ ತಮ್ಮಾ, ಆಣಿ ಇಟ್ಟ ಮ್ಯಾಲ ಹೆದರಿದ್ಯೇನು?” ಶಂಕ್ರಪ್ಪ ಅವನ ಬೆನ್ನು ಸವರಿದ. “ಹೆದರಬ್ಯಾಡ. ನೀ ಹೇಳಿದ್ಮ್ಯಾಲ ನನಗೂ ಧೈರ್ಯ ಬಂದೈತಿ. ತಗಿಯೋ ಗುಡದಪ್ಪಾ.”

ಹಾಸುಗಲ್ಲು ಸರಿಯಿತು. ಗುಡದಪ್ಪ ಹುಲ್ಲು ಎತ್ತಿ ಹೊರಗೆ ಹಾಕಿ, ರೂಢಿಯಂತೆ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಒಳಗೆ ಬಿಟ್ಟ. ಜೋಳ ತುಂಬಿದ ಹಗೇವಿನ ಗಾಳಿಗೆ ದೀಪ ಆರಿಹೋಗಬೇಕು. ದೀಪ ಆರಲಿಲ್ಲ. ಹಗ್ಗ ಇಳಿಯಿತು, ಇನ್ನೂ ಇಳಿಯಿತು, ದೀಪ ಮದುವೆಮನೆಯ ದೀಪದಂತೆ ಉರಿಯುತ್ತಲೇ ಹೋಗಿ ತಳಕ್ಕೆ ತಾಗಿತು. ಬಗ್ಗಿದ್ದ ಮಂದಿಯ ಬಾಯಿಂದ ಒಮ್ಮೆಲೇ ಹಾ ಎಂಬ ಸದ್ದು ಬಂತು. ಅನ್ನವ್ವ ಮತ್ತೆ ಅಳಲು ಶುರುಮಾಡಿದಳು.

“ತಳದಾಗ ಏನೋ ಬಿದ್ದೈತ್ರಿ,” ಎಂದ ಬಗ್ಗಿ ನೋಡುತ್ತಿದ್ದ ಯಲ್ಲಪ್ಪ.

ಗುಡದಪ್ಪ ಇಳಿದ. ಮೇಲೆ ಬಂದಾಗ ಅವನ ಕೈಯಲ್ಲಿ ಧೂಳು ಹತ್ತಿದ ಬಟ್ಟೆಯ ಸಣ್ಣ ಚೀಲವೊಂದಿತ್ತು. ಶಂಭುಲಿಂಗಪ್ಪನ ಕಡೆ ಒಮ್ಮೆ, ಚೀಲದ ಕಡೆ ಒಮ್ಮೆ ನೋಡಿದ. ಯಾರ ಕೈಗೆ ಕೊಡಬೇಕೋ ತಿಳಿಯದೆ ಮೇಡಂ ಕೈಗೆ ಕೊಟ್ಟ. ಮೇಡಂ ಧೂಳು ಜಾಡಿಸಿದರು.

“ಎಷ್ಟ್ ಚಂದ ಕಸೂತಿ!” ಎಂದರು. “ಆದ್ರ ಈ ಆನಿಗೆ ಐದು ಕಾಲು ಯಾಕ್ರಿ?”

ಓಣಿಯ ಹೆಂಗಸರೆಲ್ಲ ಒಟ್ಟಿಗೆ ತಿರುಗಿ ಕಸ್ತೂರೆವ್ವನನ್ನು ನೋಡಿದರು. ಕಸ್ತೂರೆವ್ವ ಮುಂದೆ ಬಂದು ಚಂಚಿಯನ್ನು ಇಸಿದುಕೊಂಡಳು. ಹಿಂದೆ ಮುಂದೆ ಹೊರಳಿಸಿ ನೋಡಿದಳು. ಒಳಗೆ ಕೈ ಹಾಕಿ ಒಂದು ಅಡಿಕೆ ಹೋಳು ತೆಗೆದಳು. ಆಮೇಲೆ ಗಂಡನ ಕಡೆ ತಿರುಗಿ, ಒಂದಿಷ್ಟೂ ದನಿ ಏರಿಸದೆ ಕೇಳಿದಳು.

“ಸಂತ್ಯಾಗ ಕಳದ್ ಹೋತು ಅಂದಿದ್ರಲ್ರಿ. ಶಂಕ್ರಣ್ಣಾರ ಹಗೇವಿನ್ಯಾಗ ಸಂತಿ ಯಾವಾಗ ಕೂಡಿತ್ರಿ?”

ಶಂಭುಲಿಂಗಪ್ಪ ಮಾತಿಲ್ಲದ ರಾಜನಂತೆ ನಿಂತಿದ್ದ. ಶಂಕ್ರಪ್ಪ ಅವನ ಬೆನ್ನ ಮೇಲಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ. ಮೇಡಂ ಪೆಟ್ಟಿಗೆಯ ಮೇಲೆ ಕಂಬಳಿ ಮುಚ್ಚಿದರು. ಯಾರೂ ಅಳ್ಳಾಡಲಿಲ್ಲ.

ಗುಡದಪ್ಪನೊಬ್ಬನಿಗೆ ಮಾತ್ರ ಧಣಿ ಕೊಟ್ಟ ಆಣೆ ನೆನಪಿತ್ತು. ಅವನು ಗುದ್ದಲಿ ಎತ್ತಿಕೊಂಡು ಶಂಭುಲಿಂಗಪ್ಪನ ಹೊಸ್ತಿಲ ನೇರಕ್ಕೆ ಹೋಗಿ ನಿಂತು, ಧಣಿಗೆ ಧೈರ್ಯ ಬರಲೆಂದು ಅಂಗಳಕ್ಕೆಲ್ಲ ಕೇಳುವ ಹಾಗೆ ಹೇಳಿದ.

“ಚಿಂತಿ ಮಾಡಬ್ಯಾಡ್ರಿ ಧಣ್ಯಾರ. ಈ ಸಲ ಹಗಲ ಐತಿ, ಹಗೇವು ತಪ್ಪಂಗಿಲ್ಲ.”